ಶಾಲೆಗೆಂದೇ ಒಂದು ಚುನಾವಣೆ: ಲಂಡನ್ನಿನ ಸ್ಕೂಲ್ ಬೋರ್ಡ್

ಕೇಳುಗರೆಲ್ಲರಿಗೂ ನಮಸ್ಕಾರ.

ಊರಿನ ಶಾಲೆಗಳನ್ನು ಯಾರು ನಡೆಸಬೇಕು? ಇದಕ್ಕೆ 1870ರಲ್ಲಿ ಲಂಡನ್ ನಗರ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಅದುವರೆಗೆ ಅಲ್ಲಿ ಬಡವರ ಮಕ್ಕಳು ಓದಬೇಕಾದರೆ ಚರ್ಚಿನ ಶಾಲೆಗೋ, ದಾನಿಗಳ ಸಂಘದ ಶಾಲೆಗೋ ಹೋಗಬೇಕಿತ್ತು. ಸರ್ಕಾರ ಒಂದಿಷ್ಟು ಅನುದಾನ ಕೊಟ್ಟು ಸುಮ್ಮನಾಗುತ್ತಿತ್ತು. ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ಜಾಗವೇ ಇರಲಿಲ್ಲ. 1870ರ ಶಿಕ್ಷಣ ಕಾಯ್ದೆ ಬಂದ ಮೇಲೆ, ಶಾಲೆ ಸಾಲದ ಊರುಗಳಲ್ಲಿ ಜನರೇ ಒಂದು ಬೋರ್ಡನ್ನು ಆರಿಸಿ, ಸ್ಥಳೀಯ ತೆರಿಗೆಯ ದುಡ್ಡಿನಲ್ಲಿ ಶಾಲೆ ಕಟ್ಟುವಂತಾಯಿತು. ಲಂಡನ್ನಿಗಂತೂ ಬೋರ್ಡ್ ಕಡ್ಡಾಯ.

ಮೊದಲ ಚುನಾವಣೆ ಅದೇ ವರ್ಷದ ನವೆಂಬರಿನಲ್ಲಿ ನಡೆಯಿತು. ಹತ್ತು ವಿಭಾಗ, 49 ಸದಸ್ಯರು, ಮೂರು ವರ್ಷದ ಅವಧಿ. ಮತ ಹಾಕುವ ಕ್ರಮ ಸ್ವಲ್ಪ ಬೇರೆ ಥರ. ಒಂದು ವಿಭಾಗದಲ್ಲಿ ಏಳು ಸ್ಥಾನ ಇದ್ದರೆ ಒಬ್ಬ ಮತದಾರನಿಗೆ ಏಳು ಮತ. ಅವನ್ನು ಏಳು ಜನಕ್ಕೆ ಹಂಚಬಹುದು, ಇಲ್ಲವೇ ಏಳನ್ನೂ ಒಬ್ಬರಿಗೇ ಕೊಡಬಹುದು. ಇದರಿಂದ ಸಣ್ಣ ಗುಂಪುಗಳಿಗೂ ತಮ್ಮವರೊಬ್ಬರನ್ನು ಗೆಲ್ಲಿಸಿಕೊಳ್ಳಲು ಸಾಧ್ಯವಾಯಿತು. ದೊಡ್ಡ ಗುಂಪೇ ಎಲ್ಲವನ್ನೂ ಬಾಚಿಕೊಳ್ಳಲು ಆಗಲಿಲ್ಲ.

ಇನ್ನೂ ದೊಡ್ಡ ಮಾತೊಂದಿದೆ. ಪಾರ್ಲಿಮೆಂಟಿಗೆ ಹೆಂಗಸರು ಮತವನ್ನೂ ಹಾಕುವಂತಿರಲಿಲ್ಲ. ಆದರೆ ಈ ಬೋರ್ಡಿಗೆ ತೆರಿಗೆ ಕಟ್ಟುವ ಹೆಂಗಸರು ಮತ ಹಾಕಬಹುದಿತ್ತು, ಹೆಂಗಸರು ಚುನಾವಣೆಗೂ ನಿಲ್ಲಬಹುದಿತ್ತು. ಮೇರಿಲ್‌ಬೋನ್ ವಿಭಾಗದಲ್ಲಿ ವೈದ್ಯೆ ಎಲಿಜಬೆತ್ ಗ್ಯಾರೆಟ್ ನಿಂತರು. ಬಂದದ್ದು 47,858 ಮತ! ಅದೇ ವಿಭಾಗದಲ್ಲಿ ಗೆದ್ದ ಹೆಸರಾಂತ ವಿಜ್ಞಾನಿ ಥಾಮಸ್ ಹಕ್ಸ್ಲಿ ಅವರಿಗಿಂತ ಎಷ್ಟೋ ಪಾಲು ಜಾಸ್ತಿ. ಇನ್ನೊಂದು ವಿಭಾಗದಿಂದ, ಹೆಂಗಸರ ಉನ್ನತ ಶಿಕ್ಷಣಕ್ಕಾಗಿ ದುಡಿದ ಎಮಿಲಿ ಡೇವಿಸ್ ಗೆದ್ದರು. ಬೋರ್ಡಿನ ಮೊದಲ ಅಧ್ಯಕ್ಷರು ಯಾರು ಗೊತ್ತೇ? ಅದಕ್ಕೆ ಸ್ವಲ್ಪ ಮುಂಚೆ ನಮ್ಮ ದೇಶದ ವೈಸ್‌ರಾಯ್ ಆಗಿದ್ದ ಲಾರ್ಡ್ ಲಾರೆನ್ಸ್.

ಮೊದಲ ಜಗಳ ಧರ್ಮದ್ದು. ತೆರಿಗೆ ಎಲ್ಲರದು, ಹಾಗಾದರೆ ಯಾವ ಪಂಗಡದ ಪಾಠ ಹೇಳುವುದು? ಬೈಬಲ್ ಓದಿಸೋಣ, ವಿವರಿಸೋಣ, ಆದರೆ ಯಾವುದೇ ಒಂದು ಪಂಗಡದ ಬೋಧನೆ ಬೇಡ ಎಂದು ಬೋರ್ಡ್ 1871ರಲ್ಲಿ ತೀರ್ಮಾನಿಸಿತು. ಆಮೇಲೂ ಆ ಜಗಳ ಮತ್ತೆ ಮತ್ತೆ ತಲೆಯೆತ್ತಿತು.

ದುಡ್ಡಿನ ಕಥೆಯೂ ಹಾಗೇ. ಬೋರ್ಡ್ ಮನೆಮನೆಗೆ ಹೋಗಿ ತೆರಿಗೆ ಎತ್ತುತ್ತಿರಲಿಲ್ಲ. ಇಷ್ಟು ಹಣ ಬೇಕು ಎಂದು ಸ್ಥಳೀಯ ಆಡಳಿತಗಳಿಗೆ ಬರೆದರೆ ಅವು ವಸೂಲಿ ಮಾಡಿ ಕೊಡಲೇಬೇಕು. ಖರ್ಚು ಏರಿದ ಹಾಗೆಲ್ಲ ತೆರಿಗೆದಾರರ ಗೊಣಗಾಟವೂ ಏರಿತು. ಆ ದುಡ್ಡಿನಲ್ಲೇ ಬಡವರ ಬೀದಿಗಳಲ್ಲಿ ದೊಡ್ಡ ಕಿಟಕಿಗಳ, ಹಲವು ಅಂತಸ್ತಿನ ಶಾಲೆಗಳು ಎದ್ದವು. ನನ್ನನ್ನು ಕೇಳಿದರೆ, ಒಳ್ಳೆಯ ಖರ್ಚು.

ಕಟ್ಟಡ ಎದ್ದ ಮಾತ್ರಕ್ಕೆ ಮಕ್ಕಳು ಬರುತ್ತಾರೆಯೇ? ಅವರು ದುಡಿದು ತರುವ ನಾಲ್ಕು ಕಾಸು ಮನೆಗೆ ಬೇಕಿತ್ತು. ಮೇಲಾಗಿ ವಾರವಾರ ಶುಲ್ಕ ಬೇರೆ ಕಟ್ಟಬೇಕಿತ್ತು. ಬಹುಪಾಲು ಶುಲ್ಕ ಹೋದದ್ದು 1891ರ ಕಾಯ್ದೆಯ ನಂತರವೇ. ಮಕ್ಕಳನ್ನು ಶಾಲೆಗೆ ಬರಿಸಲೆಂದೇ ಬೋರ್ಡ್ ಹಾಜರಾತಿ ನೋಡಿಕೊಳ್ಳುವವರನ್ನು ನೇಮಿಸಿತು. ಅವರು ಬೀದಿಬೀದಿ ಸುತ್ತಿ, ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅಪ್ಪ ಏನು ಕೆಲಸ ಮಾಡುತ್ತಾನೆ ಎಂದೆಲ್ಲ ಬರೆದಿಟ್ಟರು. ಮುಂದೆ ಸಮಾಜ ಸಂಶೋಧಕ ಚಾರ್ಲ್ಸ್ ಬೂತ್ ಲಂಡನ್ನಿನ ಬಡತನದ ಸಮೀಕ್ಷೆ ಮಾಡಿದಾಗ ನೆಚ್ಚಿಕೊಂಡದ್ದು ಇವರಿಗಿದ್ದ ಈ ತಿಳುವಳಿಕೆಯನ್ನೇ.

1888ರಲ್ಲಿ ಬೋರ್ಡಿಗೆ ಆನಿ ಬೆಸೆಂಟ್ ಆಯ್ಕೆಯಾದರು. ಹೌದು, ಮುಂದೆ ನಮ್ಮ ನಾಡಿಗೆ ಬಂದವರೇ. ಹಸಿದ ಮಕ್ಕಳಿಗೆ ಊಟ ಸಿಗಬೇಕು, ಬೋರ್ಡಿನ ಗುತ್ತಿಗೆದಾರರು ನ್ಯಾಯವಾದ ಕೂಲಿ ಕೊಡಬೇಕು ಎಂದು ಅಲ್ಲಿ ದನಿಯೆತ್ತಿದರು. 1917ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲ್ ಶುರುವಾದದ್ದೂ ಅವರದೇ ಪ್ರೇರಣೆಯಿಂದ.

ಇಷ್ಟೆಲ್ಲ ಮಾಡಿದ ಬೋರ್ಡನ್ನು 1904ರಲ್ಲಿ ಮುಚ್ಚಿ, ಶಾಲೆಗಳನ್ನು ಊರಿನ ಸಾಮಾನ್ಯ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ ಕೌಂಟಿ ಕೌನ್ಸಿಲ್‌ಗೆ ಒಪ್ಪಿಸಿದರು. ಎಲ್ಲ ಆಡಳಿತ ಒಂದೇ ಕಡೆ ಇರಲಿ ಎಂಬ ವಾದ ನನಗೂ ಅರ್ಥವಾಗುತ್ತದೆ. ಆದರೆ ಶಾಲೆಯ ವಿಚಾರಕ್ಕೆಂದೇ ಜನ ಮತ ಹಾಕುತ್ತಿದ್ದ ಅವಕಾಶ ಹೋಯಿತು. ಕೌನ್ಸಿಲ್‌ಗೆ ಆಯ್ಕೆಯಾಗುವ ಹಕ್ಕು ಆಗ ಹೆಂಗಸರಿಗೆ ಇರಲಿಲ್ಲ, ಅದರ ಶಿಕ್ಷಣ ಸಮಿತಿಗೆ ನೇಮಕವಾಗಬಹುದಿತ್ತು ಅಷ್ಟೇ. ಮೂವತ್ತಕ್ಕೂ ಹೆಚ್ಚು ವರ್ಷ ಗೆದ್ದು ಬಂದು ಕೂತ ಜಾಗದಿಂದ ಅವರನ್ನು ಹೊರಗಿಟ್ಟದ್ದು ಅನ್ಯಾಯ. ಅದನ್ನು ಸರಿಪಡಿಸುವ ಕಾಯ್ದೆ ಬಂದದ್ದು 1907ರಲ್ಲಿ.

ನಮಸ್ಕಾರ.