ಬಟಾಣಿ ಮಸೆಯುವ ಹದ

ಕೇಳುಗರಿಗೆ ನಮಸ್ಕಾರ. ಚಳಿಗಾಲದಲ್ಲಿ ಬೆಂಗಳೂರಿನವರ ಕಣ್ಣೆಲ್ಲ ಅವರೆಕಾಯಿಯ ಮೇಲೆ. ಪಕ್ಕದಲ್ಲೇ ರಾಶಿ ಬಿದ್ದಿರುವ ಹಸಿ ಬಟಾಣಿ ಪಲಾವಿಗೋ ಸಾಗುವಿಗೋ ಒಂದು ಹಿಡಿ ಹೋಗುತ್ತದೆ, ಅಷ್ಟೇ. ಅದನ್ನೇ ಬೇಯಿಸಿ, ಮಸ್ಸೊಪ್ಪಿನಂತೆ ಮಸೆದು, ಒಗ್ಗರಣೆ ಕೊಟ್ಟರೆ ಚಪಾತಿಗೂ ಅಕ್ಕಿರೊಟ್ಟಿಗೂ ನೆಂಚಿಕೊಳ್ಳಲು ಸೊಗಸು.

ನಾಲ್ಕು ಜನರಿಗೆ ಸುಲಿದ ಕಾಳು ಎರಡು ಬಟ್ಟಲು ಬೇಕು. ಮುಕ್ಕಾಲು ಕಿಲೋ ಕಾಯಿ ತಂದರೆ ಸಾಕು. ಪಲಾವಿಗೆ ಎಳೆಯ ಕಾಳು ಸರಿ. ಮಸೆಯುವುದಕ್ಕೆ ತುಸು ಬಲಿತದ್ದೇ ಮೇಲು. ಬಲಿತಂತೆ ಸಿಹಿ ಕಡಿಮೆಯಾಗಿ ಹಿಟ್ಟಿನಂಶ ಏರುತ್ತದೆ, ಮಸೆದಾಗ ಕೂಡಿಕೊಳ್ಳುವುದು ಅದರಿಂದಲೇ. ತೀರಾ ಎಳೆಯದಾದರೆ ನೀರು ನೀರು. ಕಾಯಿಯ ಬಣ್ಣ ಮಾಸಿ ಸಿಪ್ಪೆ ಸುಕ್ಕಾಗಿದ್ದರೆ ಬೇಡ. ಆ ಕಾಳಿನ ಹೊಟ್ಟು ಎಷ್ಟು ಬೆಂದರೂ ನಾಲಗೆಗೆ ಸಿಗುತ್ತದೆ.

ಒಂದೂವರೆ ಬಟ್ಟಲು ನೀರು ಮರಳಿದ ಮೇಲೆ ಅರ್ಧ ಚಮಚ ಉಪ್ಪು, ಆಮೇಲೆ ಕಾಳು. ಮುಚ್ಚಳ ಹಾಕಬೇಡಿ. ಬೇಯುವಾಗ ಕಾಳಿನಿಂದ ಹುಳಿಯಂಶ ಹೊರಡುತ್ತದೆ. ಮುಚ್ಚಿದರೆ ಅದು ಪಾತ್ರೆಯಲ್ಲೇ ಉಳಿದು ಹಸಿರನ್ನು ಮಂಕು ಮಾಡುತ್ತದೆ. ಎಂಟು ನಿಮಿಷಕ್ಕೆ ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ನಡುವೆ ಗಟ್ಟಿ ಸಿಗದೆ ಚಪ್ಪಟೆಯಾಗಬೇಕು. ಬಲಿತ ಕಾಳಿಗೆ ಹನ್ನೆರಡು ನಿಮಿಷವೂ ಹಿಡಿದೀತು. ಹಸಿ ಬಟಾಣಿಗೆ ಕುಕ್ಕರ್ ಬೇಡವೇ ಬೇಡ: ಒಂದು ಸೀಟಿಗೇ ಸಿಪ್ಪೆ ಕಳಚಿ, ಬಣ್ಣ ಕೆಡುತ್ತದೆ.

ಬಸಿದ ನೀರನ್ನು ಚೆಲ್ಲಬೇಡಿ. ಕಾಳು ಬಿಸಿಯಿರುವಾಗಲೇ ಮುಕ್ಕಾಲು ಪಾಲು ಕಡಗೋಲಿನಿಂದ ಮಸೆಯಿರಿ, ಉಳಿದದ್ದು ಇಡಿಯಾಗಿರಲಿ. ಮಿಕ್ಸಿಯ ಆಸೆ ಬರುವುದು ಸಹಜ. ಆದರೆ ಅದರ ಬ್ಲೇಡು ಎಲ್ಲವನ್ನೂ ನುಣ್ಣಗೆ ಅರೆದು, ಪಲ್ಯದ ಬದಲು ಚಟ್ನಿ ಮಾಡಿಕೊಡುತ್ತದೆ.

ಬಾಣಲೆಯಲ್ಲಿ ಎರಡು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ಚಿಟಿಕೆ ಇಂಗು, ಹೆಚ್ಚಿದ ಎರಡು ಹಸಿಮೆಣಸಿನಕಾಯಿ, ಅರ್ಧ ಇಂಚು ಶುಂಠಿ. ಘಮ ಬಂದ ಕೂಡಲೇ ಮಸೆದದ್ದನ್ನೂ ಇಡೀ ಕಾಳನ್ನೂ ಹಾಕಿ, ಬಸಿದ ನೀರು ನಾಲ್ಕು ಚಮಚ ಸೇರಿಸಿ, ಸಣ್ಣ ಉರಿಯಲ್ಲಿ ಎರಡೇ ನಿಮಿಷ. ತುಸು ಸಡಿಲವಿರುವಾಗಲೇ ಇಳಿಸಿ, ಆರಿದಂತೆ ತಾನೇ ಗಟ್ಟಿಯಾಗುತ್ತದೆ. ನಿಂಬೆರಸ ಇಳಿಸಿದ ಮೇಲೆಯೇ. ಒಲೆಯ ಮೇಲೆ ಹಿಂಡಿದರೆ ಹಸಿರು ಹೋಗಿ ಆಲಿವ್ ಬಣ್ಣಕ್ಕೆ ತಿರುಗುತ್ತದೆ. ಕೊತ್ತಂಬರಿ ಇರಲಿ, ಕಾಯಿತುರಿ ನಿಮ್ಮಿಷ್ಟ. ಗರಂ ಮಸಾಲೆ ಮಾತ್ರ ಬೇಡ, ಬಟಾಣಿಯ ಸಿಹಿಯೇ ಮುಚ್ಚಿಹೋಗುತ್ತದೆ.

ಸೀಸನ್ ಮುಗಿದ ಮೇಲೆ ಮಸಾಲೆಪೂರಿಗೆ ಹಾಕುವ ಒಣ ಬಟಾಣಿ ಇದೆ. ಒಂದು ಬಟ್ಟಲಿಗೆ ಮೂರು ಬಟ್ಟಲು ನೀರಿನಲ್ಲಿ ಎಂಟರಿಂದ ಹತ್ತು ಗಂಟೆ ನೆನೆಯಲಿ. ನೆನೆಸಿದ ಸ್ವಲ್ಪ ಹೊತ್ತಿಗೇ ನೀರು ಗಾಢ ಹಸಿರಾದರೆ ಕಾಳಿಗೆ ಬಣ್ಣ ಹಾಕಿರುವ ಸಂಭವವಿದೆ, ಬಳಸಬೇಡಿ. ಇದಕ್ಕೆ ಕುಕ್ಕರ್ ಬೇಕೇ ಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನೀರು 97 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಯಲು ಗಂಟೆಗಟ್ಟಲೆ ಬೇಕು. ನಾಲ್ಕು ಸೀಟಿ ಕೂಗಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ.

ಆದರೂ ಬೇಯದಿದ್ದರೆ ಕುಕ್ಕರನ್ನು ಬೈಯುವ ಮೊದಲು ನೀರನ್ನು ನೋಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಬಿಗಿಗೊಳಿಸುತ್ತದೆ. ಕಾವೇರಿ ನೀರೋ ಆರ್‌ಒ ಫಿಲ್ಟರ್ ನೀರೋ ಬಳಸಿ. ಅದಿಲ್ಲದಿದ್ದರೆ ನೆನೆಸುವ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಹೆಚ್ಚಾದರೆ ಸೋಪಿನ ರುಚಿ ಬಂದು ಕಾಳು ಲೋಳೆಯಾಗುತ್ತದೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಕಾಳಾದರೆ ಸೋಡಾದಿಂದಲೂ ಹೆಚ್ಚು ಉಪಯೋಗವಿಲ್ಲ.

ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಎರಡು ಚಮಚ ಬಿಸಿನೀರು ಬೆರೆಸಿ ಕಾಯಿಸಿ. ನೀರು ಹಾಕದೆ ಗಟ್ಟಿಯಾಗಿಯೇ ಬಿಟ್ಟರೆ ದೋಸೆಯೊಳಗೆ ಆಲೂಗೆಡ್ಡೆ ಪಲ್ಯದ ಬದಲಿಗೆ ಇಡಬಹುದು.