ನೀರಿನ ಮೇಲಿನ ಮನೆ, ಹದ್ದಿನ ಪಾಲಾದ ಊಟ: ಇನೆಯಲ್ಲಿ ಒಂದು ರಾತ್ರಿ

ಎಲ್ಲರಿಗೂ ನಮಸ್ಕಾರ. ಬಸ್ಸಿನ ಕಿಟಕಿಗೆ ಮಳೆನೀರು ಹತ್ತಿದೆ, ಅದಕ್ಕೇ ಶುರುವಿನ ಶಾಟ್ ಸ್ವಲ್ಪ ಮಸುಕು. ತೆಗೆದುಬಿಡೋಣ ಅಂದುಕೊಂಡೆ. ಆದರೆ ಸಮುದ್ರ ಮೊದಲು ಕಂಡಿದ್ದು ಇದರಲ್ಲೇ, ಇರಲಿ ಬಿಡಿ.

ನಾವಿರುವುದು ಒಸಾಕಾದಲ್ಲಿ. ಕ್ಯೋಟೋಗೆ ಬಂದು, ಅಲ್ಲಿಂದ ಅಮಾನೋಹಾಶಿದಾತೆಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಮತ್ತೆ ಬಸ್ಸಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಊರಿನ ಹೆಸರು ಇನೆ. ಕ್ಯೋಟೋ ಅಂದ ಕೂಡಲೇ ದೇವಸ್ಥಾನ, ಕಿಮೊನೊ, ಜನಜಂಗುಳಿ ನೆನಪಾಗುತ್ತದೆ ಅಲ್ವಾ? ಇದೂ ಕ್ಯೋಟೋ ಪ್ರಾಂತ್ಯವೇ. ಆದರೆ ಉತ್ತರದ ತುದಿ, ಜಪಾನ್ ಸಮುದ್ರದ ದಂಡೆ.

ಇದು ಅಮಾನೋಹಾಶಿದಾತೆ. 3.6 ಕಿಲೋಮೀಟರ್ ಉದ್ದದ ಮರಳುದಿಣ್ಣೆ, ಅದರ ತುಂಬ ಪೈನ್ ಮರ. ಬೆಟ್ಟದ ಮೇಲಿಂದ ಬಗ್ಗಿ, ಕಾಲಿನ ಸಂದಿಯಲ್ಲಿ ನೋಡಿದರೆ ಆಕಾಶಕ್ಕೆ ಸೇತುವೆ ಹಾಕಿದ ಹಾಗೆ ಕಾಣುತ್ತದೆ ಅಂತಾರೆ. ಇವರು ಬಗ್ಗಿದ್ದಾರೆ, ನೋಡಿ. ನನಗೆ ನೆಟ್ಟಗೆ ನಿಂತು ನೋಡಿದಾಗಲೇ ಚೆನ್ನಾಗಿ ಕಂಡಿತು. ಸರಿ, ಮುಂದೆ ಹೋಗೋಣ.

ಬಂತು ಇನೆ. ಕೊಲ್ಲಿಯ ಸುತ್ತ ನೀರಿಗೆ ಅಂಟಿಕೊಂಡು ಸುಮಾರು 230 ಮನೆಗಳಿವೆ. ಫುನಾಯಾ ಅಂತಾರೆ, ಅಂದರೆ ದೋಣಿಮನೆ. ಕೆಳಗೆ ದೋಣಿಯನ್ನು ಒಳಗೇ ಎಳೆದುಕೊಳ್ಳುವ ಜಾಗ, ಮೇಲೆ ಬಲೆ, ಸಾಮಾನು. ಮನೆಮಂದಿ ಇರುವ ಮನೆ ರಸ್ತೆಯ ಆಚೆ ಬದಿಗೆ. ಈಗಿನ ದೋಣಿಗಳು ದೊಡ್ಡವು, ಒಳಗೆ ಹಿಡಿಸುವುದಿಲ್ಲ, ಅದಕ್ಕೇ ಹೊರಗೆ ಕಟ್ಟಿದ್ದಾರೆ. 2005ರಿಂದ ಈ ಸಾಲಿಗೆ ಸರ್ಕಾರದ ರಕ್ಷಣೆ ಇದೆ.

ನಾನು ಮರವಂತೆಯವಳು. ಸಮುದ್ರದ ಮೇಲೇ ಮನೆ ಅನ್ನುವುದು ನನಗೆ ಒಳಗಿನಿಂದಲೇ ಹೆದರಿಕೆ ಹುಟ್ಟಿಸುವ ಮಾತು. ನಮ್ಮಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತ, ತೆಂಗಿನ ಮರ ಬುಡಸಮೇತ ಹೋಗುತ್ತದೆ. ಲಾರಿಗಟ್ಟಲೆ ಕಲ್ಲು ತಂದು ಸುರಿಯುತ್ತಾರೆ, ಮುಂದಿನ ವರ್ಷ ಆ ಕಲ್ಲೂ ಕಾಣುವುದಿಲ್ಲ. ಇಲ್ಲಿ ನೋಡಿದರೆ ಹೊಸ್ತಿಲಿಗೇ ನೀರು. ಇದು ಹೇಗೆ ಸಾಧ್ಯ ಅಂತ ಬ್ಯಾಗ್ ಇಡುವ ಮೊದಲೇ ಕೆಳಗಿಳಿದು ನೋಡಿದೆ. ನೀರಿಗೆ ಇಳಿಜಾರಾಗಿ ಕಲ್ಲು ಹಾಸಿದ್ದಾರೆ. ಅದರಲ್ಲಿ ಪಾಚಿ ಕಟ್ಟಿದ ಒಂದು ಗೆರೆ ಇದೆ, ನೀರು ಅಲ್ಲಿಯವರೆಗೆ ಬರುತ್ತದೆ ಅಂತ ಗುರುತು. ಈಗ ನೀರು ಅದಕ್ಕಿಂತ ಒಂದು ಗೇಣು ಕೆಳಗಿದೆ. ನೆನಪಿಟ್ಟುಕೊಳ್ಳಿ, ಬೆಳಿಗ್ಗೆ ಮತ್ತೆ ತೋರಿಸುತ್ತೇನೆ.

ನಾವು ಉಳಿದ ಫುನಾಯಾದ ರೂಮ್ ಟೂರ್ ಬೇಗ ಮುಗಿಸುತ್ತೇನೆ. ತಾತಾಮಿ ಚಾಪೆ, ಹಾಸಿಗೆ, ಕೆಟಲ್, ಸಮುದ್ರದ ಕಡೆ ದೊಡ್ಡ ಕಿಟಕಿ. ಇಬ್ಬರಿಗೆ ಒಂದು ರಾತ್ರಿಗೆ 36,000 ಯೆನ್. ರೂಪಾಯಿ ಲೆಕ್ಕದಲ್ಲಿ 20,000 ಹತ್ತಿರ. ಅದರಲ್ಲಿ ಊಟ ಇಲ್ಲ. ಇದು ಜಾಸ್ತಿ ಆಯಿತು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಅಷ್ಟು ದುಡ್ಡು ತೆಗೆದುಕೊಂಡ ಮೇಲೆ ಒಂದು ಬಟ್ಟಲು ಅನ್ನ, ಒಂದಿಷ್ಟು ಸಾರು ಕೊಟ್ಟರೆ ಏನಾಗುತ್ತಿತ್ತು?

ಊಟ ಇಲ್ಲ ಅಂತ ಗೊತ್ತಿತ್ತು. ಅದಕ್ಕೇ ಬಸ್ ಹತ್ತುವ ಮೊದಲೇ ನಾಲ್ಕು ಒನಿಗಿರಿ, ಅಂದರೆ ಒಳಗೆ ಏನಾದರೂ ತುಂಬಿದ ಅನ್ನದ ಉಂಡೆ, ತಗೊಂಡಿದ್ದೆವು. ನನಗೆ ಎರಡು ಸಾಲ್ಮನ್ ಹಾಕಿದ್ದು. ಇವರು ಮೀನು ತಿನ್ನುವುದಿಲ್ಲ, ಇವರಿಗೆ ಎರಡು ಉಮೆ. ಉಮೆ ಅಂದರೆ ಉಪ್ಪು ಹಾಕಿದ ಪ್ಲಮ್, ನಮ್ಮ ಉಪ್ಪಿನಕಾಯಿ ತಿಂದವರಿಗೆ ತಕ್ಷಣ ಇಷ್ಟವಾಗುತ್ತದೆ. ಇವರ ಡಬ್ಬದಲ್ಲಿ ಯಾವಾಗಲೂ ಶೇಂಗಾ ಚಟ್ನಿಪುಡಿ ಇರುತ್ತದೆ, ದಾವಣಗೆರೆಯವರು ಅಲ್ವಾ, ಉಮೆಯ ಜೊತೆಗೂ ಹಾಕಿಕೊಳ್ಳುತ್ತಾರೆ. ಅದು ಬೇರೆ ಕಥೆ.

ಈಗ ಈ ಶಾಟ್ ಗಮನವಿಟ್ಟು ನೋಡಿ. ಸಂಜೆ ನಾಲ್ಕು ಗಂಟೆ. ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೇನೆ. ಪ್ಲಾಸ್ಟಿಕ್ ಬಿಚ್ಚಿದೆ, ಒಂದು ತುತ್ತು ಕಚ್ಚಿದೆ. ಹಿಂದಿನಿಂದ ಒಂದು ಗಾಳಿ ಬಂದ ಹಾಗಾಯಿತು, ಕೈ ಖಾಲಿ. ಹದ್ದು! ಸದ್ದೇ ಇಲ್ಲ. ರೆಕ್ಕೆಯ ಅಂಚು ಕಿವಿಗೆ ತಾಗಿತು, ಉಗುರು ತೋರುಬೆರಳಿಗೆ ಗೀರಿತು. ನಾನು ಬೆಚ್ಚಿಬಿದ್ದು ಎದ್ದ ರಭಸಕ್ಕೆ ಮಡಿಲಲ್ಲಿದ್ದ ಚೀಲ ನೀರಿಗೆ. ಉಳಿದ ಮೂರೂ ಅದರಲ್ಲೇ ಇದ್ದವು.

ಗಂಗೊಳ್ಳಿ ಬಂದರಿನಲ್ಲಿ ಹದ್ದುಗಳ ನಡುವೆಯೇ ಬೆಳೆದವಳು ನಾನು. ಅಲ್ಲಿ ಅವು ದೋಣಿಯ ಮೇಲೆ ಸುತ್ತುತ್ತವೆ, ಚೆಲ್ಲಿದ ಮೀನು ಎತ್ತಿಕೊಳ್ಳುತ್ತವೆ. ಮನುಷ್ಯರ ಕೈಯಿಂದ ಹೀಗೆ ಕಿತ್ತುಕೊಂಡಿದ್ದು ನಾನು ಕಂಡಿಲ್ಲ. ಇಲ್ಲಿ ಪ್ರವಾಸಿಗರು ದೋಣಿಯಿಂದ ಹಕ್ಕಿಗಳಿಗೆ ತಿಂಡಿ ಎಸೆಯುತ್ತಾರೆ, ಅದರಿಂದಲೇ ಈ ಅಭ್ಯಾಸ ಅಂತ ನನಗನ್ನಿಸುತ್ತದೆ. ದಯವಿಟ್ಟು ಎಸೆಯಬೇಡಿ. ಗೀರು ಸಣ್ಣದು, ತೊಳೆದು ಮುಲಾಮು ಹಚ್ಚಿದೆ. ಆದರೆ ಅದು ಮಗುವಿನ ಕಣ್ಣಾಗಿದ್ದರೆ?

ಇವರು "ಮೊದಲು ಆ ಪ್ಲಾಸ್ಟಿಕ್ ತೆಗೀಬೇಕು ಕಣೇ" ಅಂದು ಗೋಡೆಗೆ ನೇತುಹಾಕಿದ್ದ ಕೈಬಲೆ ತಂದರು. ಚೀಲ ಸಿಕ್ಕಿತು, ಒನಿಗಿರಿಗಳೊಳಗೆ ಉಪ್ಪುನೀರು. ಒಂದು ಒಡೆದು ಅನ್ನ ಹರಡಿತ್ತು. ಅದನ್ನು ತಿನ್ನಲು ಬೆರಳುದ್ದದ ಮೀನುಗಳು ಎಲ್ಲಿಂದಲೋ ನೂರಾರು ಬಂದವು. ತಿಳಿನೀರು, ಒಂದೊಂದು ಅಗುಳಿಗೆ ನಾಲ್ಕು ನಾಲ್ಕು ಮೀನು ಜಗ್ಗಾಡುವುದು ಕಾಣುತ್ತಿತ್ತು. ನನಗೆ ಸಿಟ್ಟೂ ಇತ್ತು, ಕಣ್ಣು ಕೀಳಲೂ ಆಗಲಿಲ್ಲ.

ಆಮೇಲೆ ರಸ್ತೆಯುದ್ದಕ್ಕೂ ಊಟ ಹುಡುಕಿದೆವು. ಕತ್ತಲಾಗಿತ್ತು, ನಮಗೆ ಸಿಕ್ಕ ಎರಡೂ ಹೋಟೆಲುಗಳ ಬಾಗಿಲು ಹಾಕಿತ್ತು. ನಡೆದಷ್ಟು ದೂರ ಒಂದು ಕೊಂಬಿನಿ, ಅಂದರೆ ತಿಂಡಿ, ಸಾಮಾನು ಸಿಗುವ ಸಣ್ಣ ಅಂಗಡಿ, ಕೂಡ ಕಾಣಲಿಲ್ಲ. ಇದು 1754ರಿಂದ ಸಾಕೆ, ಅಂದರೆ ಅಕ್ಕಿಯ ಮದ್ಯ, ತಯಾರಿಸುವ ಜಾಗ, ಕೆಂಪಕ್ಕಿಯ ಗುಲಾಬಿ ಬಣ್ಣದ ಸಾಕೆಗೆ ಹೆಸರುವಾಸಿ. ಅದೂ ಮುಚ್ಚಿತ್ತು. ಕೊನೆಗೆ ರೂಮಿಗೆ ಬಂದು ಟೀ ಮಾಡಿಕೊಂಡು, ಅತ್ತೆ ದೀಪಾವಳಿಗೆ ಕಳಿಸಿದ್ದ ನಿಪ್ಪಟ್ಟು ತಿಂದೆವು. ಹನ್ನೊಂದು ಇದ್ದವು. ಒಂದಕ್ಕೆ ಜಗಳ ಆಗಬಾರದು ಅಂತ ಅರ್ಧ ಮಾಡಿದರು.

ರಾತ್ರಿಯ ಶಾಟ್‌ನಲ್ಲಿ ಏನೂ ಕಾಣುವುದಿಲ್ಲ, ಸದ್ದು ಮಾತ್ರ ಕೇಳಿ. ಹಾಸಿಗೆಯ ಕೆಳಗೆ, ಹಲಗೆಯ ಕೆಳಗೆ, ನೀರು ಕಲ್ಲಿಗೆ ಮೆಲ್ಲಗೆ ಬಡಿಯುವುದು. ನಮ್ಮೂರಿನ ಕಡಲಿನ ಮೊರೆತ ಅಲ್ಲ, ಬಟ್ಟಲಿನಿಂದ ಬೆಕ್ಕು ಹಾಲು ಕುಡಿದ ಹಾಗೆ. ಸಂಜೆ ದುಡ್ಡಿನ ಬಗ್ಗೆ ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಊಟ ಕೊಡಲೇಬೇಕಿತ್ತು, ಅದು ಬೇರೆ. ಈ ನಿದ್ದೆಗೆ 36,000 ಕೊಡಬಹುದು.

ಬೆಳಿಗ್ಗೆ ಆರೂವರೆ. ಪಾಚಿಯ ಗೆರೆ ನೋಡಿ. ಸಂಜೆಗೂ ಈಗಿಗೂ ವ್ಯತ್ಯಾಸ ಒಂದು ಗೇಣಿಲ್ಲ. ನಮ್ಮಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಬಂದರೆ ಎದೆಮಟ್ಟ ಏರಿ ಇಳಿಯುತ್ತದೆ. ಜಪಾನ್ ಸಮುದ್ರದಲ್ಲಿ ಉಬ್ಬರ ಇಳಿತ ತೀರಾ ಕಡಿಮೆ. ಮೇಲಾಗಿ ಈ ಕೊಲ್ಲಿಯ ಬಾಯಿ ದಕ್ಷಿಣಕ್ಕಿದೆ, ಉತ್ತರದ ಚಳಿಗಾಲದ ಅಲೆಗಳು ನೇರ ಒಳಗೆ ಬರುವುದಿಲ್ಲ. ಬಾಯಿಗೆ ಅಡ್ಡವಾಗಿ ಆವೊಶಿಮಾ ದ್ವೀಪ. ಮೂರೂ ಸೇರಿದ್ದರಿಂದಲೇ ಈ ಮನೆಗಳು ನಿಂತಿವೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಇದೇ ಕಲ್ಲು ತೋರಿಸಿದೆ. "ಅಷ್ಟೆಯಾ?" ಅಂತ ಕೇಳಿ ತುಂಬ ಹೊತ್ತು ಸುಮ್ಮನಿದ್ದರು.

ಕೊನೆಗೆ ದೋಣಿ ಸವಾರಿ, 25 ನಿಮಿಷ. ಸೀಗಲ್‌ಗಳು ಜೊತೆಗೇ ಹಾರುತ್ತವೆ. ಎದುರಿನ ಸೀಟಿನ ಪುಟ್ಟಿ ತನ್ನ ಪೊಟ್ಟಣದಿಂದ ಒಂದು ಸೀಗಡಿ ಚಿಪ್ಸ್ ನನ್ನ ಕೈಗಿಟ್ಟಳು, ಎಸೆಯಿರಿ ಅಂತ ಸನ್ನೆ ಮಾಡಿದಳು. ನಿನ್ನೆ ಅಷ್ಟು ಹೇಳಿದ್ದೆ. ಆದರೂ ಆ ಮುಖ ನೋಡಿ ಬೇಡ ಅನ್ನಲು ಆಗಲಿಲ್ಲ, ಎಸೆದೆ. ಸೀಗಲ್ ಗಾಳಿಯಲ್ಲೇ ಹಿಡಿಯಿತು.

ಅಗೋ, ನಾವು ಉಳಿದ ಮನೆ! ಎಡದಿಂದ ನಾಲ್ಕನೆಯದು, ಕಿಟಕಿಗೆ ಇವರು ಒಣಗಲು ಹಾಕಿದ ಕೈಬಲೆ ಕಾಣುತ್ತಿದೆಯಾ? ರೀ, ಅದನ್ನ ವಾಪಸ್ ಗೋಡೆಗೆ ಹಾಕಿ ಬರಬೇಕಿತ್ತಲ್ವಾ? ಬಸ್ಸಿಗೆ ಇನ್ನು ನಲವತ್ತು ನಿಮಿಷ ಇದೆ, ದೋಣಿ ಇಳಿದ ಕೂಡಲೇ ಓಡೋಣ.