ಹಲಸೂರು ಗೇಟಿನಿಂದ ದಿಲ್ಲಿ ಬಾಗಿಲಿಗೆ

[ದೃಶ್ಯ: ಹಲಸೂರು ಗೇಟ್ ಪೊಲೀಸ್ ಠಾಣೆ, ಬೆಳಗಿನ ಹೊತ್ತು]

ನಮಸ್ಕಾರ. ಹಲಸೂರು ಗೇಟ್ ಸ್ಟೇಷನ್ ಎಲ್ಲರಿಗೂ ಗೊತ್ತು. ಗೇಟ್ ಎಲ್ಲಿದೆ? ಹುಡುಕಬೇಡಿ, ಹೆಸರಷ್ಟೇ ಉಳಿದಿದೆ. ಹಲಸೂರಿನ ಕಡೆ ತೆರೆಯುತ್ತಿದ್ದ ಪೇಟೆಯ, ಅಂದರೆ ಹಳೇ ಬೆಂಗಳೂರಿನ, ಹೆಬ್ಬಾಗಿಲು ಇದು. ಪೇಟೆಯ ಸುತ್ತ ಕಂದಕ, ಮುಳ್ಳುಬೇಲಿ. 1791ರ ಮಾರ್ಚ್ 7ರಂದು, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಯನ್ನು ಹಿಡಿಯಿತು. ಕಲ್ಲಿನ ಕೋಟೆ ಬಿದ್ದಿದ್ದು 21ರ ರಾತ್ರಿ. ನಡುವೆ 14 ದಿನ. ಪೇಟೆಯಿಂದ ಕೋಟೆಗೆ ಇವತ್ತು ನಾವು ನಡೆದೇ ಹೋಗೋಣ.

[ದೃಶ್ಯ: ನಗರ್ತಪೇಟೆ, ಧರ್ಮರಾಯನ ಗುಡಿ]

ಇಲ್ಲಿ ಹೆಸರುಗಳೇ ನಕ್ಷೆ. ಕುಂಬಾರಪೇಟೆ, ಗಾಣಿಗರಪೇಟೆ, ಅಕ್ಕಿಪೇಟೆ, ಅರಳೆಪೇಟೆ: ಯಾರು ಇದ್ದರು, ಏನು ಮಾರಿದರು ಅನ್ನೋದು ಬೋರ್ಡಿನಲ್ಲೇ ಇದೆ. ತಿಗಳರಪೇಟೆಯ ಧರ್ಮರಾಯನ ಗುಡಿ ಹತ್ತಿರ ಸ್ವಲ್ಪ ನಿಲ್ಲಿ. ಚೈತ್ರದ ಹುಣ್ಣಿಮೆ ರಾತ್ರಿ ಮಲ್ಲಿಗೆಯ ಕರಗ ಹೊರಡೋದು ಇಲ್ಲಿಂದ. ತಿಗಳರ ಮನೆಯ ವೀರಕುಮಾರರು ಕತ್ತಿ ಹಿಡಿದು ಜೊತೆಗಿರುತ್ತಾರೆ. ಕರಗ ಅರಳೆಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿಯೇ ಮುಂದೆ ಸಾಗುತ್ತದೆ. ನನಗೆ ಈ ಊರಿನ ಮೇಲಿರುವ ಪ್ರೀತಿಗೆ ಅದೊಂದೇ ನಿಲುಗಡೆ ಸಾಕು.

[ದೃಶ್ಯ: ಅವೆನ್ಯೂ ರಸ್ತೆ ಚೌಕ]

ನಗರ್ತಪೇಟೆ ರಸ್ತೆ ದೊಡ್ಡಪೇಟೆಯನ್ನು ದಾಟಿ ಚಿಕ್ಕಪೇಟೆಯಾಗುವ ಜಾಗ ಇದು. ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. 1537ರಲ್ಲಿ ಕೆಂಪೇಗೌಡರು ಇಲ್ಲಿಂದಲೇ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರು ಅನ್ನೋದು ಜನರ ಬಾಯಲ್ಲಿ ಬಂದ ಕಥೆ. ಕೈಗಾಡಿ ಬಂತು, ಪಕ್ಕಕ್ಕೆ ಸರೀರಿ.

[ದೃಶ್ಯ: ಕೆ.ಆರ್. ಮಾರ್ಕೆಟ್, ಹೂವಿನ ರಾಶಿ]

ಪೇಟೆ ಮುಗಿಯಿತು, ಕೋಟೆ ಇನ್ನೂ ಬಂದಿಲ್ಲ. ಇವೆರಡೂ ಬೇರೆ ಬೇರೆ ಊರುಗಳಂತೆ ಇದ್ದವು. ನಡುವಿನ ಬಯಲಲ್ಲಿ ಸಿದ್ದಿಕಟ್ಟೆ ಅನ್ನೋ ಕೆರೆ. ಯುದ್ಧ ನಡೆದ ಆ ನೆಲದ ಮೇಲೆ 1928ರಲ್ಲಿ ಮಾರುಕಟ್ಟೆ ಎದ್ದಿತು. ಈಗ ಅಲ್ಲಿ ಸೇವಂತಿಗೆ, ಕನಕಾಂಬರ.

[ದೃಶ್ಯ: ದಿಲ್ಲಿ ಬಾಗಿಲು]

1761ರಲ್ಲಿ ಹೈದರಾಲಿ ಕಲ್ಲಲ್ಲಿ ಕಟ್ಟಿಸಿದ ಕೋಟೆಯಲ್ಲಿ ಉಳಿದಿರೋದು ಈ ಬಾಗಿಲು, ಸ್ವಲ್ಪ ಗೋಡೆ. ಮಿಕ್ಕಿದ್ದನ್ನು ರಸ್ತೆ, ಆಸ್ಪತ್ರೆ, ಶಾಲೆಗಳು ನುಂಗಿದವು. ಒಳಗೇ ಇದ್ದ ಟಿಪ್ಪುವಿನ ತೇಗದ ಕಂಬಗಳ ಅರಮನೆ, ಕೋಟೆ ವೆಂಕಟರಮಣನ ಗುಡಿ ಈಗ ರಸ್ತೆ ಪಕ್ಕದಲ್ಲಿವೆ. ಅವನ್ನೂ ನೋಡಿಕೊಂಡೇ ಹೋಗಿ.

ಕಾರ್ನ್‌ವಾಲಿಸ್‌ನ ಫಿರಂಗಿಗಳು ಗೋಡೆ ಒಡೆದ ಜಾಗವನ್ನು ಗುರುತಿಸುವ ಕಲ್ಲಿನ ಫಲಕ ಹತ್ತಿರದಲ್ಲೇ ಇದೆ. ಕೋಟೆ ಕಾದ ಕಿಲ್ಲೇದಾರ ಬಹದ್ದೂರ್ ಖಾನ್ ಆ ರಾತ್ರಿ ಹೋರಾಡುತ್ತಲೇ ಮಡಿದರು. ಫಲಕದ ಮುಂದೆ ನಿಂತಾಗ ಅವರ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ.